ಕಿವಿಗೊಟ್ಟು ಹುರಿಯುವ ಕಾಫಿ
ಹಸಿ ಕಾಫಿ ಬೀಜಕ್ಕೆ ಕಾಫಿಯ ಘಮವೇ ಇಲ್ಲ, ಬರೀ ಒಣಹುಲ್ಲಿನ ವಾಸನೆ. ದಪ್ಪ ತಳದ ಬಾಣಲೆಯಲ್ಲಿ ಕೈಬಿಡದೆ ಹುರಿದಾಗ ಬೀಜ ಹಳದಿಯಾಗಿ, ಕಂದಾಗಿ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚಟಪಟ ಸಿಡಿಯುತ್ತದೆ. ಎಸ್ಪ್ರೆಸ್ಸೊಗೆ ಹುರಿಯುವವರ ಕೈಚಳಕವೆಲ್ಲ ಈ ಸಿಡಿತಕ್ಕೂ ಮೆಲುದನಿಯ ಎರಡನೆಯ ಸಿಡಿತಕ್ಕೂ ನಡುವಿನ ಕೆಲವೇ ನಿಮಿಷಗಳಲ್ಲಿದೆ. ಬೇಗ ಇಳಿಸಿದರೆ ಹುಳಿ ಮುಂದಾಗುತ್ತದೆ. ತಡವಾದರೆ ಕರಕಲು ಕಹಿ. ಕಣ್ಣಿನಷ್ಟೇ ಕಿವಿಯನ್ನೂ ನಂಬಬೇಕಾದ ಕೆಲಸವಿದು, ನನಗೆ ಇದು ಇಷ್ಟವಾಗುವುದೂ ಅದಕ್ಕೇ. ಚಿಕ್ಕಮಗಳೂರಿನ ಅರೇಬಿಕಾ, ಕೊಡಗಿನ ರೊಬಸ್ಟಾ ಎರಡನ್ನೂ ಬೇರೆಬೇರೆಯಾಗಿ ಹುರಿದು ಬೆರೆಸಿ ನೋಡಿ. ರೊಬಸ್ಟಾ ಸ್ವಲ್ಪವೇ ಇದ್ದರೂ ನೊರೆ ದಟ್ಟವಾಗಿ ಕಟ್ಟುತ್ತದೆ. ಹುರಿದ ದಿನವೇ ಯಂತ್ರಕ್ಕೆ ಹಾಕುವ ಆತುರ ಬೇಡ. ಬೀಜದೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಒಂದು ವಾರ ಬಿಡಿ.