ಒಂದು ಮಧ್ಯಾಹ್ನಕ್ಕೆ ಒಂದೇ ಹೊಲಿಗೆ

ಕಸೂತಿ ಕಾರ್ಯಾಗಾರ ಶುರು ಮಾಡಬೇಕೆಂದಿದ್ದೇವೆ, ಮೊದಲ ದಿನ ಏನೇನು ಕಲಿಸೋಣ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಗವಂತಿ ಕಲಿಸಿ, ಅಷ್ಟು ಸಾಕು.

ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳಿವೆ. ನಾಲ್ಕನ್ನೂ ಮೂರು ತಾಸಿನಲ್ಲಿ ತೋರಿಸಹೋದರೆ ಬಂದವರ ಕೈಯಲ್ಲಿ ನಾಲ್ಕು ಅರೆಬರೆ ಗೆರೆಗಳು ಉಳಿಯುತ್ತವೆ. ಮನೆ ಮುಟ್ಟುವಷ್ಟರಲ್ಲಿ ಎಲ್ಲವೂ ಮರೆತಿರುತ್ತದೆ. ಗವಂತಿಯೊಂದನ್ನೇ ಹಿಡಿದರೆ ಒಂದು ಪುಟ್ಟ ತುಳಸಿಕಟ್ಟೆ ಸಂಜೆಯೊಳಗೆ ಮುಗಿಯುತ್ತದೆ.

ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಹಾಗಾಗಿ ಕಟ್ಟೆಯ ಮೆಟ್ಟಿಲು ಹತ್ತುವಾಗಲೇ ಇಳಿಯುವ ದಾರಿಯನ್ನೂ ಲೆಕ್ಕ ಹಾಕಿರಬೇಕು. ಕವಲು ಸಿಕ್ಕರೆ ಅದರ ತುದಿಯವರೆಗೆ ಹೋಗಿ ಬಂದೇ ಮುಂದಿನ ಹೊಲಿಗೆ. ಎಣಿಕೆ ತಪ್ಪದಿದ್ದರೆ ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ಹೊಸಬರು ಬಟ್ಟೆ ತಿರುವಿ ಅದನ್ನು ಕಂಡಾಗ ಅವರ ಮುಖ ನೋಡಿ. ಅವರು ದುಡ್ಡು ಕೊಟ್ಟದ್ದು ಆ ಖುಷಿಗೆ.

ಸಾಮಾನು ಹೆಚ್ಚೇನೂ ಬೇಡ. ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಆರೆಳೆ ದಾರದಿಂದ ಬಿಡಿಸಿದ ಎರಡೆಳೆ. ಇಳಕಲ್ ಸೀರೆಯ ಎಳೆ ಎಣಿಸಲು ಪಳಗಿದ ಕಣ್ಣು ಬೇಕು, ಅದು ಆಮೇಲೆ. ಪೆನ್ಸಿಲ್ಲಿನಲ್ಲಿ ಚಿತ್ತಾರ ಬರೆದು ಕೊಡುವ ಸುಲಭದ ದಾರಿಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ಎಣಿಕೆ ಹೋದರೆ ಕಸೂತಿಯೇ ಹೋಯಿತು.

ಇನ್ನು ಲೆಕ್ಕ. ಎಂಟು ಜನ, ತಲೆಗೆ 900 ರೂಪಾಯಿ ಎಂದಿಟ್ಟುಕೊಳ್ಳಿ, ಒಟ್ಟು 7,200. ಕಲಿಸುವವರಿಗೆ 2,500, ಜಾಗದ ಬಾಡಿಗೆ 1,200, ಸಾಮಾನಿಗೆ ತಲಾ 150, ಚಹಾ ತಿಂಡಿಗೆ ತಲಾ 80. ಖರ್ಚು 5,540 ಆಯಿತು, ಉಳಿದದ್ದು 1,660. ಬಟ್ಟೆ ಕತ್ತರಿಸಿದ್ದು, ಫೋನ್ ಮಾಡಿದ್ದು, ಪ್ರಚಾರಕ್ಕೆ ಓಡಾಡಿದ್ದು ಎಲ್ಲವೂ ಇದರಲ್ಲೇ. ಐದೇ ಜನ ಬಂದರೆ 350 ರೂಪಾಯಿ ಕೈಯಿಂದ ಹೋಗುತ್ತದೆ. ಆದ್ದರಿಂದ ಆರು ಜನರ ಮುಂಗಡ ಬರುವವರೆಗೆ ತಾರೀಖು ಗೊತ್ತು ಮಾಡಬೇಡಿ. ಎಂಟಕ್ಕಿಂತ ಹೆಚ್ಚು ಜನರನ್ನೂ ಸೇರಿಸಬೇಡಿ. ಒಬ್ಬ ಶಿಕ್ಷಕಿ ಅಷ್ಟು ಸೂಜಿಗಳ ಮೇಲೆ ಮಾತ್ರ ಕಣ್ಣಿಡಬಲ್ಲರು. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಮೊದಲ ತರಗತಿಗೆ ಮುಂಚೆಯೇ ಅದನ್ನು ಮುಗಿಸಿಕೊಂಡರೆ ಬ್ಯಾಂಕಿನ ಕೆಲಸ ಹಗುರಾಗುತ್ತದೆ.

ಖರ್ಚಿನ ಪಟ್ಟಿಯಲ್ಲಿ ಚೌಕಾಸಿಗೆ ಒಳಗಾಗುವುದು ಸಾಮಾನ್ಯವಾಗಿ ಕಲಿಸುವವರ ಹಣವೇ. ನನ್ನ ಮಟ್ಟಿಗೆ ಮುಟ್ಟಬಾರದ ಸಾಲು ಅದು. ಮನೆಯಲ್ಲಿ ಕೂತು ಅಂಗಡಿಗಳಿಗೆ ಕಸೂತಿ ಹಾಕಿಕೊಡುವ ಹೆಣ್ಣುಮಕ್ಕಳಿಗೆ ಕೂಲಿ ಸಿಗುವುದು ತುಂಡಿನ ಲೆಕ್ಕದಲ್ಲಿ. ಎಷ್ಟು ವರ್ಷದ ಅನುಭವವಿದ್ದರೂ ಆ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಕಾರ್ಯಾಗಾರದಲ್ಲಿ ಅದೇ ಅನುಭವಕ್ಕೆ ತಾಸಿನ ಲೆಕ್ಕದಲ್ಲಿ ಬೆಲೆ ಬರುತ್ತದೆ. ಪೋಸ್ಟರಿನಲ್ಲಿ ಅವರ ಹೆಸರು ನಿಮ್ಮ ಹೆಸರಿಗಿಂತ ಮೇಲಿರಲಿ. ಜನ ಬಾರದೆ ತರಗತಿ ರದ್ದಾದರೂ ಬಿಡುವು ಮಾಡಿಕೊಂಡದ್ದಕ್ಕೆ ಅರ್ಧ ಹಣವಾದರೂ ಕೈಸೇರಲಿ. ಅವರು ಉಳಿದರೆ ಮಾತ್ರ ನಿಮ್ಮ ವ್ಯವಹಾರ ಉಳಿದೀತು.

ಲಾಭ ಮೊದಲ ತರಗತಿಯಲ್ಲಿಲ್ಲ. ಗವಂತಿ ಒಲಿದವರು ಮುರಗಿಗೆ ಬರುತ್ತಾರೆ, ಮುರಗಿ ಬಂದವರು ರಥ, ಗೋಪುರ, ಆನೆ ಕೇಳುತ್ತಾರೆ. ಕೊನೆಗೆ ಸೆರಗು ಹಿಡಿದೇ ಬರುತ್ತಾರೆ. ಹೊಸ ಮುಖಗಳಿಗಾಗಿ ಪ್ರತಿ ತಿಂಗಳೂ ಜಾಹೀರಾತು ಕೊಡುವುದಕ್ಕಿಂತ ಹೀಗೆ ಮರಳಿ ಬರುವ ನಾಲ್ಕು ಜನರನ್ನು ಸಂಪಾದಿಸುವುದು ಜಾಣತನ. ಅವರು ಮರಳಬೇಕಾದರೆ ಮೊದಲ ದಿನ ಕಲಿತದ್ದು ಕೈಯಲ್ಲಿ ನಿಂತಿರಬೇಕು. ಅದಕ್ಕೇ ಹೇಳುತ್ತಿರುವುದು, ಕಡಿಮೆ ಕಲಿಸಿ, ಪೂರ್ತಿ ಕಲಿಸಿ.