ಸರಕಿನ ಕಣ್ಣಿಗೆ ಕಂಡ ಕಡಲು

'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ನಮ್ಮ ಇತಿಹಾಸ ಪಠ್ಯಗಳಲ್ಲಿ ಅಡಿಗಡಿಗೆ ಎದುರಾಗುವ ಹೆಸರು. ಇಡಿಯಾಗಿ ಓದಿದವರು ಮಾತ್ರ ಕಡಿಮೆ. ಕ್ರಿ.ಶ. ಒಂದನೇ ಶತಮಾನದ ನಡುಭಾಗದಲ್ಲಿ ಈಜಿಪ್ಟಿನ ಗ್ರೀಕ್ ವರ್ತಕನೊಬ್ಬ ಬರೆದ ಪುಸ್ತಕ ಇದು. ಅವನ ಹೆಸರು ಉಳಿದಿಲ್ಲ. 66 ಪುಟ್ಟ ಅಧ್ಯಾಯಗಳು, ಒಂದು ಸಂಜೆಯ ಓದು. ಒಂದು ಬಂದರು, ಅಲ್ಲಿ ಇಳಿಸುವ ಸರಕು, ಏರಿಸುವ ಸರಕು, ಮುಂದಿನ ಬಂದರು. ಹೆಚ್ಚಿನ ಕಡೆ ದಿನಸಿ ಚೀಟಿಯಷ್ಟೇ ಒಣಕಲು.

ಆದರೆ ನರ್ಮದೆಯ ಮುಖಕ್ಕೆ, ಬರಿಗಾಜಾ ಎಂದು ಅವನು ಕರೆಯುವ ಭರೂಚಿಗೆ ಬಂದಾಗ ಬರಹಕ್ಕೆ ಜೀವ ಬರುತ್ತದೆ. ಭರತದ ನೀರು ದೂರದಿಂದಲೇ ದಂಡಿನ ಗದ್ದಲದಂತೆ ಮೊರೆಯುತ್ತ ನುಗ್ಗಿ ಬರುವುದು, ಲಂಗರು ನಿಲ್ಲದಿರುವುದು, ಹಡಗು ಮಗುಚುವುದು ಎಲ್ಲವೂ ಇಲ್ಲಿವೆ. ಕಡಲಲ್ಲಿ ಹಾವುಗಳು ಕಂಡರೆ ನೆಲ ಹತ್ತಿರವಾಯಿತೆಂಬ ಗುರುತನ್ನೂ ಅವನು ಬಿಡುವುದಿಲ್ಲ. ತನ್ನ ಗಂಟು ಮುಳುಗೀತೆಂಬ ಭಯವಿದ್ದಲ್ಲೆಲ್ಲ ಈತ ಒಳ್ಳೆಯ ಲೇಖಕ.

ಈ ಭಯದಿಂದಲೇ ಪುಸ್ತಕದ ಅತ್ಯಂತ ಬೆಲೆಯುಳ್ಳ ಸಂಗತಿಯೂ ಹೊರಬಿದ್ದಿದೆ. ರಾಜನ ಸೇವೆಯಲ್ಲಿದ್ದ ಸ್ಥಳೀಯ ಬೆಸ್ತರು ತ್ರಪ್ಪಗ, ಕೋಟಿಂಬ ಎಂಬ ಉದ್ದ ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೂ ಎದುರುಹೋಗಿ ಹಡಗುಗಳನ್ನು ಕರೆತರುತ್ತಿದ್ದರು. ಭರತಕ್ಕೆ ಎಳೆದುಕೊಂಡು ಸಾಗುವುದು, ಇಳಿತಕ್ಕೆ ಆಳದ ಗುಂಡಿಗಳಲ್ಲಿ ಲಂಗರು ಹಾಕುವುದು. ಕೇರಳ ತೀರದ ಮುಜಿರಿಸ್‌ಗೆ ಬರುತ್ತಿದ್ದವೂ ಗ್ರೀಕ್ ಹಡಗುಗಳಷ್ಟೇ ಅಲ್ಲ, ಅರಿಯಾಕೆಯ, ಎಂದರೆ ನಮ್ಮದೇ ಪಶ್ಚಿಮ ತೀರದ ಹಡಗುಗಳೂ ಇದ್ದವು. ಇದನ್ನೆಲ್ಲ 'ರೋಮನ್ ವ್ಯಾಪಾರ' ಎಂದು ಕರೆದು ಮುಗಿಸುವ ಪಠ್ಯಪುಸ್ತಕಗಳು ತಾವು ಉಲ್ಲೇಖಿಸುವ ಗ್ರಂಥವನ್ನೇ ಸರಿಯಾಗಿ ಓದಿಲ್ಲ.

ಸರಕಿನ ಕಣ್ಣಿಗೆ ಕುರುಡೂ ಉಂಟು. ಬರಿಗಾಜಾದಲ್ಲಿ ರಾಜನಿಗಾಗಿ ತಂದ ವಸ್ತುಗಳ ಪಟ್ಟಿಯಲ್ಲಿ ಬೆಳ್ಳಿ ಪಾತ್ರೆ, ಹಾಡುವ ದಾಸರು, ಅಂತಃಪುರಕ್ಕೆ ಚೆಲುವಾದ ಹುಡುಗಿಯರು, ಒಳ್ಳೆಯ ಮದ್ಯ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಲೇಖಣಿ ಎಲ್ಲೂ ತಡೆಯುವುದಿಲ್ಲ. ದಖ್ಖನ್ ಅವನಿಗೆ ಬಂಡಿಗಳಲ್ಲಿ ಬರುವ ಮಾಲಿನ ಹಿಂದಿನ ಮಸುಕು: ದಕ್ಷಿಣಕ್ಕೆ 20 ದಿನದ ಹಾದಿಯಲ್ಲಿ ಗೋಮೇಧಿಕದ ಪೈಠಣ, ಅಲ್ಲಿಂದ ಪೂರ್ವಕ್ಕೆ ಇನ್ನು 10 ದಿನ ನಡೆದರೆ ಬಟ್ಟೆಯ ತಗರ. ನಡುವೆ ಸರಿಯಾದ ದಾರಿಯೂ ಇಲ್ಲವೆಂದು ಗೊಣಗುತ್ತಾನೆ. ಆ ಬಂಡಿ ಹೊಡೆದವರ ಬಗ್ಗೆ ಮಾತಿಲ್ಲ. ಕನ್ಯಾಕುಮಾರಿ ದಾಟಿದ ಮೇಲಂತೂ ಬರಹ ತೆಳುವಾಗುತ್ತ, ಕೇಳಿದ ಸುದ್ದಿಯ ಮಟ್ಟಕ್ಕೆ ಇಳಿಯುತ್ತದೆ.

ಕನ್ನಡ ಕರಾವಳಿಯ ಓದುಗನಿಗೆ ಸಣ್ಣ ನಿರಾಸೆಯೊಂದು ಕಾದಿದೆ. ಮುಂಬಯಿ ಬಳಿಯ ಕಲ್ಯಾಣದಿಂದ ಕೆಳಕ್ಕೆ ಬರಿಯ ಹೆಸರುಗಳು, ಕೆಲವು ದ್ವೀಪಗಳು, ಕಡಲ್ಗಳ್ಳರು. ಮುಂದೆ ನೌರಾ ಎಂಬ ಒಂದು ಪೇಟೆ. ಅದು ಹೊನ್ನಾವರವೇ, ಮಂಗಳೂರೇ, ಕಣ್ಣೂರೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಊರಭಿಮಾನಕ್ಕೆ ನಾನೂ ಹೊನ್ನಾವರದ ಪಕ್ಷ ಸೇರಬಹುದಿತ್ತು. ಆದರೆ ನಮ್ಮ ವರ್ತಕ ಅಲ್ಲಿ ಏನು ಕೊಂಡರು, ಏನು ಮಾರಿದರು ಎಂದು ಒಂದು ಸಾಲನ್ನೂ ಬರೆಯದೆ, ಈಗ ಚಾಲ್ತಿಯಲ್ಲಿರುವವು ಮುಜಿರಿಸ್ ಮತ್ತು ನೆಲ್ಕಿಂಡ ಎಂದು ಹೇಳಿ ಮುಂದೆ ಹೊರಟುಬಿಡುತ್ತಾನೆ. ಮೆಣಸು ಅಲ್ಲಿತ್ತು.