ಯಾವಾಗ ನಿಂತಿತು, ಹೇಗೆ ನಿಂತಿತು?

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ತನ್ನ ತಾತನ ಜಾವಾ ಗಾಡಿಯನ್ನು ತಳ್ಳಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ. 1968ರ ಗಾಡಿ. ಹದಿನೈದು ವರ್ಷ ಗೋಣಿತಾಟಿನ ಕೆಳಗೆ ಮಲಗಿದ್ದದ್ದು. ಬಣ್ಣ, ಕ್ರೋಮ್, ಸೀಟು ಎಲ್ಲ ಹೊಸದು ಮಾಡಿಸಿದ್ದ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಮೂರು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದರು. ನಾಲ್ಕನೆಯ ಕಡೆ ಸಿಲಿಂಡರ್ ಬೋರು ಮಾಡಿಸಬೇಕು ಎಂದಿದ್ದರು.

"ಏನಾಗಿದೆ ಅಂಕಲ್ ಇದಕ್ಕೆ?"

"ಯಾವಾಗ ನಿಲ್ಲುತ್ತೆ, ಹೇಳು."

"ಎರಡು ಮೂರು ಕಿಲೋಮೀಟರ್ ಆದ್ಮೇಲೆ. ಟ್ಯಾಂಕ್ ತುಂಬಿಸಿದ ದಿನ ಇನ್ನೂ ಬೇಗ."

"ಹೇಗೆ ನಿಲ್ಲುತ್ತೆ?"

"ಮೊದಲು ಎಳೆಯೋದು ಕಮ್ಮಿ ಆಗುತ್ತೆ. ಎರಡು ಸಲ ಕೆಮ್ಮುತ್ತೆ. ಆಮೇಲೆ ಆಫ್."

ಇಷ್ಟರಲ್ಲೇ ರೋಗ ಹೇಳಿಯಾಗಿತ್ತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಪೆಟ್ರೋಲನ್ನು ಮೇಲೆಯೇ ಹಿಡಿದುಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಕಡಿಮೆ, ಹಾಗಾಗಿ ನಿರ್ವಾತ ಬೇಗ ಹುಟ್ಟುತ್ತದೆ. ಹುಡುಗ ಗಮನಿಸಿದ್ದು ಅದನ್ನೇ. ಕ್ರೋಮ್ ಮಾಡಿಸಿದಾಗ ತೂತು ಮುಚ್ಚಿಹೋಗಿತ್ತು. ಮುಚ್ಚಳ ತೆರೆದರೆ ಉಸ್ಸೆಂದು ಗಾಳಿ ಎಳೆದುಕೊಂಡಿತು. ಸೂಜಿಯಿಂದ ತೂತು ಬಿಡಿಸಿದೆವು. ಬೋರು ಮಾಡಿಸುವ ಖರ್ಚು ಉಳಿಯಿತು.

ಈ ಎರಡು ಪ್ರಶ್ನೆಗಳನ್ನು ನನಗೆ ಕಲಿಸಿದವರು ಮೈಸೂರಿನ ಮಂಡಿ ಮೊಹಲ್ಲಾದ ಒಬ್ಬ ಮೇಸ್ತ್ರಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುತ್ತಿದ್ದವರು. 1961ರಿಂದ ಅಲ್ಲಿ ಗಾಡಿಗಳು ಹೊರಬಂದವು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ. 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಕೈ ಪಳಗಿಸಿಕೊಂಡವರು ಊರಿನ ಗಲ್ಲಿಗಳಲ್ಲಿ ಗ್ಯಾರೇಜು ಇಟ್ಟರು. ಮೈಸೂರಿನಲ್ಲಿ ಈ ಗಾಡಿ ಇಂದಿಗೂ ಓಡುತ್ತಿದ್ದರೆ ಅದಕ್ಕೆ ಅವರೇ ಕಾರಣ ಎಂದು ನಾನು ನಂಬಿದ್ದೇನೆ. ಆ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಬೀಡಿ ಮುಗಿಯುವಷ್ಟು ಹೊತ್ತು ಗಾಡಿಯವನನ್ನು ಮಾತಾಡಿಸುತ್ತಿದ್ದರು.

ಹೊಸಬರು ಮೊದಲು ತಿಳಿಯಬೇಕಾದ ವ್ಯತ್ಯಾಸ ಇಷ್ಟು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ನಿಧಾನವಾಗಿ, ಒದ್ದಾಡಿ ನಿಲ್ಲುತ್ತದೆ. ಕರೆಂಟು ಹೋಗಿ ನಿಲ್ಲುವ ಗಾಡಿ ಚಾವಿ ತಿರುಗಿಸಿದಂತೆ ಥಟ್ಟನೆ ನಿಲ್ಲುತ್ತದೆ. ಜಾವಾದಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಥಟ್ಟನೆ ನಿಲ್ಲುವುದಕ್ಕೆ ಬಹಳ ಸಲ ಪ್ಲಗ್ಗೇ ಕಾರಣ. ಆಯಿಲ್ ಬೆರೆತ ಪೆಟ್ರೋಲ್ ಉರಿದು ಉಳಿದ ಮಸಿ ಪ್ಲಗ್ಗಿನ ಎರಡು ತುದಿಗಳ ನಡುವೆ ಕೂದಲೆಳೆಯಂತೆ ಸೇತುವೆ ಕಟ್ಟುತ್ತದೆ. ಕಿಡಿ ಹಾರಬೇಕಾದ ಜಾಗದಲ್ಲಿ ಕರೆಂಟು ಸದ್ದಿಲ್ಲದೆ ದಾಟಿಬಿಡುತ್ತದೆ. ಪ್ಲಗ್ ಬಿಚ್ಚಿ ಉಜ್ಜಿದರೆ ಮುಗಿಯಿತು. ಅದಕ್ಕೇ ಜಾವಾ ಇಟ್ಟವರ ಟೂಲ್ ಬಾಕ್ಸಿನಲ್ಲಿ ಒಂದು ಮೈಕೋ ಪ್ಲಗ್ಗು, ಒಂದು ತುಂಡು ಉಪ್ಪುಕಾಗದ ಯಾವಾಗಲೂ ಇರುತ್ತಿತ್ತು.

ಬಿಚ್ಚಿದ ಪ್ಲಗ್ಗನ್ನು ಒರೆಸುವ ಮೊದಲು ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಇಂಜಿನ್ ಆರೋಗ್ಯವಾಗಿದೆ. ಕಿಕ್ ಹೊಡೆದೂ ಹೊಡೆದೂ ಸ್ಟಾರ್ಟ್ ಆಗದ ಗಾಡಿಯ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿದ್ದರೆ ಪೆಟ್ರೋಲ್ ಇದೆ, ಕಿಡಿಯಿಲ್ಲ. ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಮೈಯನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ಗಿನ ತೂತಿನಿಂದ ದೂರ ಇಟ್ಟುಕೊಳ್ಳಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ನೀಲಿ ಕಿಡಿ ಚಟ್ ಎಂದು ಸದ್ದು ಮಾಡಬೇಕು. ಕೆಂಪಗೆ, ಸೊರಗಿದ ಕಿಡಿಯನ್ನು ನಂಬಬೇಡಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲೆಸಿದ್ದು ಕಂಡೆನ್ಸರ್. ಒಂದು ಬೇಸಿಗೆ ನಂಜನಗೂಡಿಗೆ ಹೊರಟರೆ ಕಡಕೊಳದ ಹತ್ತಿರ ನನ್ನ ಗಾಡಿ ನಿಲ್ಲುತ್ತಿತ್ತು. ಮರದ ನೆರಳಲ್ಲಿ ಅರ್ಧ ಗಂಟೆ ಕೂತರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಮತ್ತೆ ಅಷ್ಟೇ ದೂರ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ತಣ್ಣಗಾಗಿ, ಅಲ್ಲಿ ಯಾವ ದೋಷವನ್ನೂ ತೋರಿಸುತ್ತಿರಲಿಲ್ಲ. ಪ್ಲಗ್ ಬದಲಾಯಿತು, ಕಾರ್ಬುರೇಟರ್ ತೊಳೆದಾಯಿತು. ಕೊನೆಗೆ ಮೇಸ್ತ್ರಿ ಬಲಗಡೆಯ ಡೈನಮೋ ಕವರ್ ತೆಗೆದು, ಇಂಜಿನ್ ಬಿಸಿಯಿರುವಾಗಲೇ ಸಂಜೆಗತ್ತಲಲ್ಲಿ, ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ನೋಡಲು ಹೇಳಿದರು. ಪಾಯಿಂಟಿನ ನಡುವೆ ನೀಲಿ ಬೆಳಕು ಪಟಪಟನೆ ಹಾರುತ್ತಿತ್ತು.

ಪಾಯಿಂಟ್ ತೆರೆದ ಕ್ಷಣದಲ್ಲಿ ಕಾಯಿಲ್ಲಿನ ಕರೆಂಟು ಒಮ್ಮೆಲೇ ಕಡಿದುಬೀಳಬೇಕು. ಆ ಹಠಾತ್ ಕಡಿತದಿಂದಲೇ ಪ್ಲಗ್ಗಿಗೆ ಸಾವಿರಾರು ವೋಲ್ಟ್ ಹುಟ್ಟುವುದು. ಆದರೆ ಹರಿಯುತ್ತಿರುವ ಕರೆಂಟು ತೆರೆದ ಪಾಯಿಂಟನ್ನೂ ಹಾರಿ ದಾಟಲು ನೋಡುತ್ತದೆ. ಅದನ್ನು ಆ ಗಳಿಗೆಯಲ್ಲಿ ತನ್ನೊಳಗೆ ಎಳೆದುಕೊಳ್ಳುವುದೇ ಕಂಡೆನ್ಸರ್ ಕೆಲಸ. ಬಿಸಿಯಾದಾಗ ಅದರೊಳಗಿನ ಪದರಗಳು ಸೋರತೊಡಗಿದರೆ ಕಿಡಿ ಪ್ಲಗ್ಗಿನಲ್ಲಿ ಹುಟ್ಟುವ ಬದಲು ಪಾಯಿಂಟಿನಲ್ಲಿ ಹುಟ್ಟುತ್ತದೆ, ಪಾಯಿಂಟ್ ಸುಟ್ಟು ಗುಳಿ ಬೀಳುತ್ತದೆ. ಹಳೇ ಸ್ಟಾಕಿನ ಕಂಡೆನ್ಸರ್ ಸಿಕ್ಕಿತೆಂದು ಹಿಗ್ಗಬೇಡಿ. ನಾಲ್ಕು ದಶಕ ಡಬ್ಬಿಯಲ್ಲಿದ್ದದ್ದು ಅಲ್ಲೇ ಕೆಟ್ಟಿರಬಹುದು. ಹೊಸದು ಹಾಕಿ, ಪಾಯಿಂಟ್ ಉಜ್ಜಿ, ಫೀಲರ್ ಗೇಜಿನಲ್ಲಿ 0.4 ಮಿ.ಮೀ. ಅಂತರ ಇಡಿ. ಹೀಗೆ ಬಿಸಿಯಾದಾಗ ನಿಂತು ಆರಿದ ಮೇಲೆ ಏಳುವ ಗಾಡಿಯಲ್ಲಿ ಕಂಡೆನ್ಸರ್ ಆದ ಮೇಲೆ ನನ್ನ ಅನುಮಾನ ಹೋಗುವುದು ಕಾಯಿಲ್ ಮೇಲೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎಂದು ಮೇಸ್ತ್ರಿ ಗದರುತ್ತಿದ್ದರು. ಪ್ಲಗ್ಗು, ಕಂಡೆನ್ಸರ್, ಜೆಟ್ ಮೂರನ್ನೂ ಒಟ್ಟಿಗೆ ಬದಲಿಸಿ ಗಾಡಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದೇ ಇಲ್ಲ. ಆಗದಿದ್ದರೆ ಹೊಸ ಸಾಮಾನಿನಲ್ಲೇ ಹೊಸ ದೋಷ ಸೇರಿರಬಹುದು.

ಇನ್ನು ಕಾರ್ಬುರೇಟರ್. ಆಕ್ಸಿಲರೇಟರ್ ಕೊಟ್ಟರೆ ಓಡಿ, ಬಿಟ್ಟರೆ ನಿಲ್ಲುವ ಗಾಡಿಯಲ್ಲಿ ಸಾಮಾನ್ಯವಾಗಿ ಸ್ಲೋ ಜೆಟ್ ಕಟ್ಟಿಕೊಂಡಿರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನೂ ಉಬ್ಬಿಸುತ್ತದೆ. ಗಾಡಿಯನ್ನು ತುಂಬಾ ದಿನ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಇಂಜಿನ್ ಓಡಿಸಿ. ಜೆಟ್ಟಿಗೆ ತಂತಿ ಚುಚ್ಚಬೇಡಿ, ಹಿತ್ತಾಳೆಯ ತೂತು ದೊಡ್ಡದಾದರೆ ಆ ಜೆಟ್ಟು ಹಾಳಾದಂತೆಯೇ. ಗಾಳಿ ಊದಿಸಿದರೆ ಸಾಕು. ಎರವಲು ಕೊಟ್ಟ ಗಾಡಿಗೆ ಯಾರಾದರೂ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಸೀಜ್ ಆಗುತ್ತದೆ; ಹಳೇ ಜಾವಾಕ್ಕೆ ಲೀಟರಿಗೆ 40 ಮಿ.ಲೀ. ಲೆಕ್ಕ, ಅದನ್ನು ಬಾಯಿಪಾಠ ಮಾಡಿಸಿಯೇ ಚಾವಿ ಕೊಡಿ. ಪಿಕಪ್ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬಂದಿದ್ದರೆ ಸೈಲೆನ್ಸರಿನೊಳಗೆ ಮಸಿ ಕಟ್ಟಿರುತ್ತದೆ.

ಹುಡುಗನಿಗೆ ಅವತ್ತು ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿ ಕಳಿಸಿದ್ದೆ. ಎಷ್ಟು ಕಿಲೋಮೀಟರ್ ಆಗಿತ್ತು, ಇಂಜಿನ್ ಬಿಸಿಯಿತ್ತೇ, ಏರೋ ಇಳಿಜಾರೋ, ಸದ್ದು ಹೇಗಿತ್ತು, ಬರೆದುಕೋ ಎಂದೆ. ಮೊನ್ನೆ ಭಾನುವಾರ ಮತ್ತೆ ಬಂದ. ಗಾಡಿ ನಿಲ್ಲುತ್ತಿಲ್ಲ, ಬದಲಿಗೆ ಇನ್ನೊಂದು ತೊಂದರೆ. ಅವನು ಓದಿದ: "ಚಾಮುಂಡಿಬೆಟ್ಟ ಹತ್ತಿದ ಮೇಲೆ, ಇಂಜಿನ್ ಬಿಸಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ರೇಸ್ ಇಳಿಯಲ್ಲ. ತಣ್ಣಗಿದ್ದಾಗ ಸರಿ. ಸ್ಲೋ ಸ್ಕ್ರೂ ಮುಟ್ಟಿಲ್ಲ."

ಕೊನೆಯ ಸಾಲು ಕೇಳಿ ಖುಷಿಯಾಯಿತು. ರೇಸ್ ಇಳಿಯದಾಗ ಎಲ್ಲರೂ ಮೊದಲು ತಿರುಗಿಸುವುದು ಆ ಸ್ಕ್ರೂವನ್ನೇ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ಕೋಣೆಯೇ ಉಸಿರೆಳೆದುಕೊಳ್ಳುತ್ತದೆ, ಆ ಕೋಣೆಯ ಎರಡು ತುದಿಗಳನ್ನು ಕಾಯುವುದು ಎರಡು ಆಯಿಲ್ ಸೀಲ್‌ಗಳು. ಹದಿನೈದು ವರ್ಷ ನಿಂತ ಗಾಡಿಯಲ್ಲಿ ಅವುಗಳ ರಬ್ಬರ್ ಗಟ್ಟಿಯಾಗಿರುತ್ತದೆ. ಎಡಗಡೆಯದು ಹೋದರೆ ಇಂಜಿನ್ ಗೇರ್ ಬಾಕ್ಸಿನ ಆಯಿಲನ್ನೇ ಕುಡಿಯತೊಡಗುತ್ತದೆ: ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಹೊಗೆ, ಪ್ಲಗ್ ಕಪ್ಪಗೆ ಒದ್ದೆ, ಗೇರ್ ಆಯಿಲ್ ತಾನಾಗಿ ಇಳಿಯುತ್ತಾ ಹೋಗುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅಷ್ಟು ಅಪಾಯವಿಲ್ಲ. ಬಲಗಡೆಯದು ಹೋದರೆ ಬರುವುದು ಬರಿಯ ಗಾಳಿ; ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದಿರುವುದು ಅದರಿಂದಲೇ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಆಯಿಲೂ ಕಡಿಮೆ. ಇಂಜಿನ್ ಕಾಯ್ದು ಸೀಜ್ ಆಗುವವರೆಗೂ ಸವಾರನಿಗೆ ಗಾಡಿ ಚೆನ್ನಾಗಿ ಓಡುತ್ತಿದೆಯೆಂದೇ ಅನಿಸುತ್ತಿರುತ್ತದೆ.

ಡೈನಮೋ ಕವರ್ ಅವನ ಕೈಯಲ್ಲೇ ಬಿಚ್ಚಿಸಿದೆ. ಅದರೊಳಗೆ ಯಾವಾಗಲೂ ಒಣಗಿರಬೇಕು. ಬೆರಳು ಹಾಕಿ ನೋಡು ಎಂದೆ. ಬೆರಳ ತುದಿಗೆ ಆಯಿಲ್ ಅಂಟಿ ಬಂತು. ಒಂದು ಕ್ಷಣ ಅದನ್ನೇ ನೋಡಿ, ಪ್ಯಾಂಟಿಗೆ ಒರೆಸಿಕೊಂಡು, ನೋಟ್‌ಬುಕ್ ತೆರೆದು ಬರೆದುಕೊಂಡ: ಬಲಗಡೆ, ಒದ್ದೆ.